ಇಳಿಸಿದ ತೂಕ ಮಳೆಗಾಲ ದಾಟಬೇಕು

ಕೇಳುಗರೆಲ್ಲರಿಗೂ ನಮಸ್ಕಾರ. ತೂಕ ಇಳಿಸೋದು ಹೇಗೆ ಅಂತ ಹೇಳೋರು ಈಗ ಊರ ತುಂಬ ಇದ್ದಾರೆ, ಮೊಬೈಲ್ ತೆಗೆದ್ರೆ ಸಾಕು, ಹತ್ತು ಜನ ಹತ್ತು ಥರ ಹೇಳ್ತಾರೆ. ಇಳಿಸಿದ ಮೇಲೆ ಎಂತ ಮಾಡೋದು ಅಂತ ಹೇಳೋರು ಮಾತ್ರ ಕಮ್ಮಿ. ಕಷ್ಟಪಟ್ಟು ಆರೋ ಎಂಟೋ ಕೆಜಿ ಇಳಿಸಿಕೊಂಡವರು ಅದನ್ನ ವರ್ಷಾನುಗಟ್ಟಲೆ ಉಳಿಸಿಕೊಳ್ಳೋದು ಹೇಗೆ, ಇವತ್ತು ಅದೊಂದೇ ಮಾತು.

ಆಹಾರದ ಬಗ್ಗೆ ಸಲಹೆ ಕೊಡೋದು ನನ್ನ ಕೆಲಸ. ಕಾರವಾರ, ಅಂಕೋಲಾ, ಕುಮಟಾ ಕಡೆಯವರು, ಘಟ್ಟದ ಮೇಲೆ ಶಿರಸಿ ಕಡೆಯವರೂ ಬರ್ತಾರೆ. ನಾನು ನೋಡಿದ ಹಾಗೆ ನಮ್ಮಲ್ಲಿ ತೂಕ ಇಳಿಯೋದು ದೀಪಾವಳಿ ಕಳೆದ ಮೇಲೆ. ಬೆಳಿಗ್ಗೆ ಕಾರವಾರದ ಟ್ಯಾಗೋರ್ ಬೀಚಲ್ಲಿ ನಡೆಯೋರು ಎಷ್ಟು ಜನ, ಶಿರಸಿಯಲ್ಲಿ ಚಳಿಗೆ ಸ್ವೆಟರ್ ಹಾಕ್ಕೊಂಡು ಹೋಗೋರು ಎಷ್ಟು ಜನ! ಮೇ ತನಕ ಎಲ್ಲ ಚೆನ್ನಾಗೇ ನಡೀತದೆ. ಜೂನ್ ಬಂತು, ಮಳೆ ಹಿಡೀತು, ನಮ್ಮ ಮಳೆ ಕೊಡೆಗೆ ನಿಲ್ಲೋ ಮಳೆ ಅಲ್ಲ, ವಾಕಿಂಗ್ ನಿಂತೇ ಹೋಯ್ತು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯೋ ಹಾಗಿಲ್ಲ, ತಾಜಾ ಬಂಗಡೆ ತಾಟಿಗೆ ಬರೋದು ಕಮ್ಮಿ ಆಗ್ತದೆ, ಅದರ ಜಾಗಕ್ಕೆ ಅನ್ನ ಒಂದು ಸೌಟು ಜಾಸ್ತಿ, ಪಕ್ಕದಲ್ಲಿ ಕರಿದ ಹಲಸಿನ ಹಪ್ಪಳ. ಆಮೇಲೆ ಪಂಚಮಿ, ಅಷ್ಟಮಿ, ಚೌತಿ. ನವರಾತ್ರಿ ಹೊತ್ತಿಗೆ ಇಳಿದದ್ದರಲ್ಲಿ ಅರ್ಧಕ್ಕರ್ಧ ವಾಪಸ್ ಬಂದಿರ್ತದೆ. ನನ್ನೆದುರು ಕೂತು ತಲೆ ತಗ್ಗಿಸಿ ಹೇಳ್ತಾರೆ, ಅಕ್ಕಾ ನನ್ನ ಮನಸ್ಸೇ ಗಟ್ಟಿ ಇಲ್ಲ ಅಂತ.

ಈ ಮಾತು ಕೇಳಿದಾಗೆಲ್ಲ ನಂಗೆ ಸಂಕಟ ಆಗ್ತದೆ, ಯಾಕಂದ್ರೆ ಅದು ನಿಜ ಅಲ್ಲ. ತೂಕ ಇಳಿದಾಗ ದೇಹಕ್ಕೆ ಅದು ಬರಗಾಲ ಬಂದ ಲೆಕ್ಕ. ಹೊಟ್ಟೆ ತುಂಬಿದೆ, ದಾಸ್ತಾನು ಸಾಕಷ್ಟಿದೆ ಅಂತ ಮಿದುಳಿಗೆ ತಿಳಿಸೋ ಲೆಪ್ಟಿನ್ ಅನ್ನೋ ಹಾರ್ಮೋನು ಕಮ್ಮಿ ಆಗ್ತದೆ, ಹಸಿವು ಎಬ್ಬಿಸೋ ಗ್ರೆಲಿನ್ ಏರ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನಲ್ಲಿ 50 ಜನರ ಮೇಲೆ ಇದನ್ನ ಪರೀಕ್ಷೆ ಮಾಡಿ 2011ರಲ್ಲಿ ಪ್ರಕಟಿಸಿದ್ರು. ಹತ್ತು ವಾರ ತೀರಾ ಕಮ್ಮಿ ಊಟ ಕೊಟ್ಟು ತೂಕ ಇಳಿಸಿದ್ದು, ಆದ್ರೆ ವರ್ಷ ಕಳೆದ ಮೇಲೂ ಆ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಬಂದಿರ್ಲಿಲ್ಲ, ಹಸಿವೂ ಮೊದಲಿಗಿಂತ ಜಾಸ್ತಿನೇ ಇತ್ತು. ಅಮೆರಿಕದಲ್ಲಿ ತೂಕ ಇಳಿಸೋ ಟಿವಿ ಸ್ಪರ್ಧೆಗೆ ಹೋಗಿದ್ದ 14 ಜನರನ್ನ ಆರು ವರ್ಷದ ನಂತರ ನೋಡಿದ್ರು, 2016ರಲ್ಲಿ ವರದಿ ಬಂತು. ಹೆಚ್ಚಿನವರ ತೂಕ ಬಹುಪಾಲು ವಾಪಸ್ ಬಂದಿತ್ತು, ಸುಮ್ಮನೆ ಮಲಗಿದ್ದಾಗ ಅವರ ದೇಹ ಖರ್ಚು ಮಾಡ್ತಿದ್ದ ಶಕ್ತಿ ಅಂದಾಜಿಗಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಮ್ಮಿ ಇತ್ತು. ಅವರು ಇಳಿಸಿದ್ದೂ ವಿಪರೀತ, ನಮ್ಮ ಆರು ಎಂಟು ಕೆಜಿಗೆ ಅಷ್ಟೆಲ್ಲ ಆಗೋದಿಲ್ಲ. ಆದ್ರೂ 80 ಕೆಜಿಯಿಂದ 70ಕ್ಕೆ ಬಂದವರಿಗೆ 80ರ ಊಟ ಇನ್ನು ಬೇಕಾಗೋದಿಲ್ಲ, ಹಸಿವು ಮಾತ್ರ ಅದನ್ನೇ ಕೇಳ್ತದೆ. ಇಷ್ಟು ಗೊತ್ತಿದ್ರೆ ನಿಮ್ಮನ್ನ ನೀವು ಬೈಕೊಳ್ಳೋದು ಬಿಟ್ಟು ಏರ್ಪಾಡು ಮಾಡ್ಕೊಳ್ಳೋಕೆ ಕೂರ್ತೀರಿ.

ಇಂಜೆಕ್ಷನ್ ತಗೊಂಡು ಇಳಿಸಿದವರೂ ಈಗ ನಮ್ಮಲ್ಲಿ ಇದ್ದಾರೆ. ಸೆಮಾಗ್ಲುಟೈಡ್ ಅನ್ನೋ ಅಂಥ ಒಂದು ಇಂಜೆಕ್ಷನ್ ನಿಲ್ಲಿಸಿದವರನ್ನ ಒಂದು ವರ್ಷ ನೋಡಿದಾಗ ಇಳಿದದ್ದರಲ್ಲಿ ಮೂರನೇ ಎರಡು ಪಾಲು ವಾಪಸ್ ಬಂದಿತ್ತು. ಹಾಗಾಗಿ ಶುರು ಮಾಡೋ ದಿನವೇ, ನಿಲ್ಲಿಸಿದ ಮೇಲೆ ಎಂತ ಅಂತ ಡಾಕ್ಟರ್ ಹತ್ರ ಕೇಳಿ.

ಹಾಗಾದ್ರೆ ಉಳಿಸಿಕೊಂಡವರು ಯಾರೂ ಇಲ್ವಾ? ಇದ್ದಾರೆ. ಅಮೆರಿಕದಲ್ಲಿ 1994ರಿಂದ ಅಂಥವರದ್ದೊಂದು ದಾಖಲೆ ಇಟ್ಟಿದ್ದಾರೆ, ಹದಿಮೂರು ಹದಿನಾಲ್ಕು ಕೆಜಿ ಇಳಿಸಿ ಕಡಿಮೆ ಅಂದ್ರೂ ಒಂದು ವರ್ಷ ಉಳಿಸಿಕೊಂಡವರು ಅದಕ್ಕೆ ಸೇರಬಹುದು. ಅದರಲ್ಲಿ ಹತ್ತಕ್ಕೆ ಒಂಬತ್ತು ಜನ ದಿನಕ್ಕೆ ಸರಾಸರಿ ಒಂದು ತಾಸು ಮೈ ದಂಡಿಸ್ತಾರೆ, ಹೆಚ್ಚಿನವರು ನಡೀತಾರೆ. ನಾಲ್ಕಕ್ಕೆ ಮೂರು ಜನ ವಾರಕ್ಕೊಮ್ಮೆಯಾದ್ರೂ ತೂಕ ನೋಡ್ಕೋತಾರೆ. ತಾವಾಗಿ ಬಂದು ಹೆಸರು ಬರೆಸಿದವರ ಲೆಕ್ಕ ಇದು, ಎಲ್ಲರಿಗೂ ಹೀಗೇ ಅಂತ ಹೇಳೋಕಾಗೋದಿಲ್ಲ, ಆದ್ರೆ ನನ್ನ ಹತ್ರ ಬಂದವರಲ್ಲಿ ತೂಕ ಉಳಿಸಿಕೊಂಡವರೂ ಹೆಚ್ಚುಕಮ್ಮಿ ಇದನ್ನೇ ಮಾಡಿದವರು.

ತೂಕ ನೋಡೋದಕ್ಕೆ ವಾರದಲ್ಲಿ ಒಂದು ದಿನ ಗೊತ್ತು ಮಾಡ್ಕೊಳ್ಳಿ, ಬೆಳಿಗ್ಗೆ, ತಿಂಡಿಗೆ ಮೊದಲು, ಗೋಡೆ ಕ್ಯಾಲೆಂಡರಲ್ಲೇ ಬರೀರಿ. ಒಂದು ದಿನಕ್ಕೆ ಒಂದು ಕೆಜಿ ಏರಿದ್ರೆ ಗಾಬರಿ ಬೇಡ, ಹಿಂದಿನ ದಿನ ಒಣಮೀನೋ ಅಪ್ಪೆಮಿಡಿ ಉಪ್ಪಿನಕಾಯಿಯೋ ಜೋರಾಗಿದ್ರೆ ಉಪ್ಪು ನೀರು ಹಿಡಿದಿರ್ತದೆ ಅಷ್ಟೆ. ಮೂರು ವಾರ ಸಾಲಾಗಿ ಏರಿ ಎರಡು ಕೆಜಿ ದಾಟಿತು ಅಂದ್ರೆ ಆಗ ಕೆಲಸಕ್ಕೆ ಇಳೀಬೇಕು, ಎಂಟು ಕೆಜಿ ಆಗೋ ತನಕ ಕಾಯಬಾರದು. ಜೊತೆಗೆ ಒಂದು ಟೇಪು ಇಟ್ಕೊಳ್ಳಿ, ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು ಅಂತ ನಮ್ಮ ದೇಶದವರಿಗೆ ಹಾಕಿದ ಗೆರೆ.

ಇನ್ನು ನಡಿಗೆ. ಮಳೆಗಾಲದ ನಡಿಗೆಯನ್ನ ಮೇ ತಿಂಗಳಲ್ಲೇ ಯೋಚಿಸಿಡಬೇಕು. ಹಳೇ ಮನೆಯವರಿಗೆ ಉದ್ದದ ಜಗಲಿ ಇದೆ, ಇಲ್ಲದವರಿಗೆ ಟೆರೇಸಿನ ಶೀಟಿನಡಿ, ಅದೂ ಇಲ್ಲದವರಿಗೆ ಹಾಲಿಂದ ಅಡುಗೆಮನೆ. ಒಂದೇ ಸಲ ಒಂದು ತಾಸು ಬೇಡ, ಊಟ ತಿಂಡಿ ಆದ ಮೇಲೆ ಹದಿನೈದಿಪ್ಪತ್ತು ನಿಮಿಷ ಸಾಕು, ಸಕ್ಕರೆ ಕಾಯಿಲೆ ಇದ್ದವರಿಗೂ ಒಳ್ಳೇದು. ಕೈಯೂರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂತ್ಕೊಳ್ಳಿ, ನೀರು ತುಂಬಿದ ಕೊಡ ಎತ್ತಿಡಿ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗಿರ್ತದೆ, ಅದನ್ನ ಕಟ್ಟಿಕೊಳ್ಳದಿದ್ರೆ ದೇಹ ಖರ್ಚು ಮಾಡೋ ಶಕ್ತಿ ಇನ್ನೂ ಕಮ್ಮಿ. ಮೀನಿಲ್ಲದ ಎರಡು ತಿಂಗಳು ಮೊಟ್ಟೆ, ಹುರಳಿ ಸಾರು, ಮೊಳಕೆ ಹೆಸರುಕಾಳು ತಾಟಲ್ಲಿ ಇರಲಿ. ತಂಬುಳಿ, ಅಪ್ಪೆಹುಳಿ ಎರಡೂ ಹಗುರ, ಆದ್ರೆ ಅವು ಇದ್ದ ದಿನ ಅನ್ನ ಹೋಗಿದ್ದೇ ಗೊತ್ತಾಗೋದಿಲ್ಲ, ಅನ್ನವನ್ನ ಮೊದಲೇ ಅಳತೆ ಮಾಡಿ ಬಡಿಸ್ಕೊಳ್ಳಿ.

ಚಕ್ಕುಲಿ ತಿನ್ನಬೇಡಿ ಅಂತ ನಾನು ಯಾವತ್ತೂ ಹೇಳಿದವಳಲ್ಲ. ಶಿರಸಿ ಕಡೆ ಚೌತಿ ಮುಂಚೆ ಚಕ್ಕುಲಿ ಕಂಬಳ ಆಗ್ತದಲ್ಲ, ಅಕ್ಕಪಕ್ಕದವರೆಲ್ಲ ಸೇರಿ ಹಿಟ್ಟು ನಾದಿ, ಕೈಯಲ್ಲೇ ಸುತ್ತಿ, ದೊಡ್ಡ ಬಾಣಲೆಯಲ್ಲಿ ಕರಿಯೋದು, ಅಂಥದ್ದನ್ನ ಬಿಟ್ಟು ಒಬ್ರೇ ಮೂಲೇಲಿ ಸೌತೆಕಾಯಿ ತಿಂತಾ ಕೂರೋದು ಎಷ್ಟು ವರ್ಷ ನಡೀತದೆ? ಅಲ್ಲಿ ಒಬ್ರು ಅತ್ತಿಗೆ ಮಾಡೋದನ್ನ ನೋಡಿದೆ. ಡಬ್ಬ ತುಂಬಿದ ಕೂಡ್ಲೇ ಅಟ್ಟಕ್ಕೆ ಏರಿಸಿಬಿಟ್ರು. ಸಂಜೆ ಚಾಕ್ಕೆ ಎರಡು ಇಳಿಸಿ, ಸಣ್ಣ ತಟ್ಟೇಲಿ ಇಟ್ಕೊಂಡು, ಕೂತು, ಮುರಿದು ಮುರಿದು ತಿಂದ್ರು. ಡಬ್ಬದ ಮುಚ್ಚಳ ತೆಗೆದು ನಿಂತಲ್ಲೇ ತಿನ್ನೋದು ಆ ಮನೇಲಿ ಇಲ್ಲ. ಮೂರು ಚೌತಿ ಕಳೀತು, ಅವರ ತೂಕ ಹಾಗೇ ಇದೆ. ಅವರ ಯಜಮಾನ್ರೂ ಈಗ ತಟ್ಟೇಲೇ ತಿಂತಾರೆ. ಮನೆಯವರು ಜೊತೆಗೆ ನಿಲ್ಲದಿದ್ರೆ ಇದು ಒಬ್ಬರ ಕೈಲಿ ಆಗೋ ಕೆಲಸ ಅಲ್ಲ, ಒಂದೊಂದು ಟೀ ಚಮಚ ಎಣ್ಣೆಗೆ 45 ಕ್ಯಾಲರಿ, ಆ ಚಮಚ ಯಾರ ಕೈಯಲ್ಲಿದೆ ಅನ್ನೋದೂ ಮುಖ್ಯ.

ಕೊನೇದಾಗಿ ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆಗೋ ಬಿಪಿಗೋ ಮಾತ್ರೆ ತಗೊಳ್ಳೋರು ತೂಕ ಇಳಿದ ಮೇಲೆ ಅದೇ ಡೋಸ್ ಮುಂದುವರಿಸಬೇಕಾ ಅಂತ ಡಾಕ್ಟರ್ ಹತ್ರ ಕೇಳಲೇಬೇಕು, ತಾವಾಗಿ ನಿಲ್ಲಿಸಬಾರದು. ಏನೂ ಮಾಡದೆ ತೂಕ ಇಳೀತಾ ಹೋದ್ರೆ ಖುಷಿಪಡದೆ ತಡಮಾಡದೆ ತೋರಿಸ್ಕೊಳ್ಳಿ. ನಮಸ್ಕಾರ.