‘ನನಗ ಬರೂದಿಲ್ರಿ’ ಅನ್ನುವವರಿಗಾಗಿ

ಎಲ್ಲರಿಗೂ ನಮಸ್ಕಾರ.

ದೊಡ್ಡವರು ಆಟ ಆಡಬೇಕು ಅಂತ ಒಬ್ಬ ಮನುಷ್ಯ ಮೈಕ್ ಹಿಡಿದು ಹೇಳುವುದೇ ಸ್ವಲ್ಪ ತಮಾಷೆ. ಆಡುವುದು ಬಿಟ್ಟು ಆಟದ ಮೇಲೆ ಉಪನ್ಯಾಸ! ಕರೆದಿದ್ದೀರಿ, ಬಂದಿದ್ದೇನೆ. ಜಾಸ್ತಿ ಹೊತ್ತು ಹಿಡಿಯುವುದಿಲ್ಲ. ಕೊನೆಗೆ ನಿಮ್ಮ ಕೈಗೂ ಒಂದು ಕೆಲಸ ಇದೆ.

ನಮ್ಮ ಕಡೆ ದೊಡ್ಡವರು ಆಡುವುದು ಹೊಸದೇನಲ್ಲ. ನಾಗರ ಪಂಚಮಿಯನ್ನೇ ತಗೊಳ್ಳಿ. ಬೇವಿನ ಗಿಡಕ್ಕೋ ಹುಣಸೆ ಗಿಡಕ್ಕೋ ಜೋಕಾಲಿ ಕಟ್ಟುತ್ತಾರೆ. ಅದನ್ನು ಹತ್ತುವವರು ಮಕ್ಕಳಷ್ಟೇ ಅಲ್ಲ. ತವರಿಗೆ ಬಂದ ಹೆಣ್ಣುಮಕ್ಕಳು, ಅವರ ಅವ್ವಂದಿರು, ಸೆರಗು ಸಿಕ್ಕಿಸಿಕೊಂಡು ನಿಂತು ಜೀಕುತ್ತಾರೆ. ಗಂಡಸರು ನಿಂಬೆಹಣ್ಣು ಒಗೆಯುವ ಪಂದ್ಯ ಕಟ್ಟುತ್ತಾರೆ. ಇಷ್ಟು ಒಗೆತದಲ್ಲಿ ಊರ ಅಗಸಿ ಮುಟ್ಟಿಸುತ್ತೇನೆ ಅಂತ ಮೀಸೆ ನರೆತವರೂ ಜಿದ್ದಿಗೆ ಬೀಳುತ್ತಾರೆ. ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರ್ರನೆ ತಿರುಗಿಸುತ್ತಾರೆ. ಹುಬ್ಬಳ್ಳಿಯ ರಂಗಪಂಚಮಿ ನೋಡಿದವರಿಗೆ ಗೊತ್ತು, ವರ್ಷವಿಡೀ ಗಲ್ಲೆ ಮೇಲೆ ಗಂಭೀರವಾಗಿ ಕೂತ ಸಾಹುಕಾರರು ಬೆಂಕಿಗೆ ಹಲಗಿ ಕಾಸಿ, ಚರ್ಮ ಬಿಗಿ ಮಾಡಿಕೊಂಡು, ಕೈ ಸೋಲುವ ತನಕ ಬಡಿಯುತ್ತಾರೆ. ಜ್ಯೇಷ್ಠದ ಕೊನೆಗೆ ಮಣ್ಣಿನ ಎತ್ತು ಮಾಡುವ ಮಣ್ಣೆತ್ತಿನ ಅಮಾವಾಸ್ಯೆ. ಆಷಾಢದ ಮಂಗಳವಾರ ಬಂತೆಂದರೆ ಮಣ್ಣಿನಲ್ಲಿ ಮಾಡುವ ಗುಳ್ಳವ್ವ. ಪಂಚಾಂಗವೇ ಆಡಲಿಕ್ಕೆ ಅಪ್ಪಣೆ ಕೊಟ್ಟಿತ್ತು. ಇದಕ್ಕೆ ಯಾರೂ ಥೆರಪಿ ಅಂತ ಹೆಸರಿಡಲಿಲ್ಲ.

ಎಲ್ಲರಿಗೂ ಕೊಟ್ಟಿತ್ತು ಅಂತ ಮಾತ್ರ ಹೇಳಲಾರೆ. ಗಂಡ ಸತ್ತ ಹೆಣ್ಣುಮಗಳನ್ನು ಜೋಕಾಲಿ ಹತ್ತಿಸುವ ಮನಸ್ಸು ಎಷ್ಟು ಮನೆಗಳಿಗಿತ್ತು? ಆಟ ಎಲ್ಲರಿಗಿಂತ ಜಾಸ್ತಿ ಬೇಕಾದವರನ್ನೇ ಗಿಡದ ಕೆಳಗೆ ನಿಲ್ಲಿಸಿದ್ದೆವು. ಹಿಂದಿನದೆಲ್ಲ ಚಲೋ ಇತ್ತು ಅನ್ನುವವರು ಇದನ್ನೂ ನೆನಪಿಟ್ಟುಕೊಳ್ಳಬೇಕು.

ಈಗ ಅಪ್ಪಣೆ ಉಳಿದಿದೆ, ಆಡುವವರು ಕಡಿಮೆಯಾಗಿದ್ದಾರೆ. ಯಾಕೆ?

ನಾನು ಗದಗದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಸರ್ ಆಗಿದ್ದವನು. ಎಂಟನೇ ಕ್ಲಾಸಿಗೆ ಬರುವ ಹೊತ್ತಿಗೆ ಅರ್ಧ ಮಕ್ಕಳು “ಸರ್, ನನಗ ಚಿತ್ರ ಬರೂದಿಲ್ರಿ” ಅನ್ನಲು ಕಲಿತುಬಿಟ್ಟಿರುತ್ತಿದ್ದರು. ಒಂದನೇ ಕ್ಲಾಸಿನ ಮಗು ಹೀಗೆ ಅನ್ನುವುದಿಲ್ಲ. ಇದ್ದಿಲು ಸಿಕ್ಕರೆ ಸಾಕು, ಗೋಡೆ ತುಂಬಿಸುತ್ತದೆ.

1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪರ್ ಮತ್ತು ಅವರ ಜೊತೆಯವರು ತಾವು ಮಾಡಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮೂರರಿಂದ ಐದು ವರ್ಷದ, ಚಿತ್ರ ಅಂದರೆ ಪ್ರಾಣ ಬಿಡುವ ಮಕ್ಕಳು. ಕೆಲವರಿಗೆ, ಚಿತ್ರ ಬಿಡಿಸಿದರೆ ರಿಬ್ಬನ್ ಹಚ್ಚಿದ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊಟ್ಟರು. ಇನ್ನು ಕೆಲವರಿಗೆ ಕೊಡಲೇ ಇಲ್ಲ. ಒಂದೆರಡು ವಾರ ಬಿಟ್ಟು ಅದೇ ಪೆನ್ನು, ಕಾಗದ ಇಟ್ಟು, ಏನಾದರೂ ಆಡಿಕೊಳ್ಳಿ ಅಂತ ಬಿಟ್ಟರು. ಸರ್ಟಿಫಿಕೇಟಿನ ಆಸೆ ತೋರಿಸಿದ್ದ ಮಕ್ಕಳು ಚಿತ್ರಕ್ಕೆ ಕೊಟ್ಟ ಹೊತ್ತು ಉಳಿದವರದಕ್ಕಿಂತ ಸುಮಾರು ಅರ್ಧದಷ್ಟೇ. ಆಟ ಹೋಗಿ ಕೂಲಿ ಆಗಿತ್ತು.

ನಮ್ಮ ಸುತ್ತ ನೋಡಿ. ಅಂಗಳದ ರಂಗೋಲಿ ಹೋಗಿ ರಂಗೋಲಿ ಸ್ಪರ್ಧೆ ಬಂತು. ಯಾರಾದರೂ ಒಂದು ಹಾಡು ಹಾಡಿದರೆ, “ರಿಯಾಲಿಟಿ ಶೋಗೆ ಹೋಗ್ರಿ” ಅನ್ನುತ್ತೇವೆ. ಶೇಂಗಾ ಹೋಳಿಗೆ ಚಲೋ ಆದರೆ “ಯುಟ್ಯೂಬ್ ಚಾನೆಲ್ ತೆಗೀರಿ” ಅನ್ನುತ್ತೇವೆ. ಪ್ರೀತಿಯಿಂದಲೇ ಹೇಳುತ್ತೇವೆ, ಅಲ್ವಾ? ಆದರೆ ಆ ಕ್ಷಣದಿಂದ ಅವರ ತಲೆಯೊಳಗೆ ಒಬ್ಬ ಪರೀಕ್ಷಕ ಬಂದು ಕೂತುಬಿಡುತ್ತಾನೆ.

ರಿಟೈರ್ ಆದ ಮೇಲೆ ಇಲ್ಲೇ ಧಾರವಾಡದ ಮಾಳಮಡ್ಡಿಯ ನಮ್ಮ ಮನೆ ಹಿತ್ತಲಲ್ಲಿ ತಿಂಗಳಿಗೊಮ್ಮೆ ಮಣ್ಣಿಗೆ ಕೂರುತ್ತೇವೆ. ನಾನು ಕಲಿಸುವುದಿಲ್ಲ. ಕೆರೆಮಣ್ಣು ತರಿಸಿ, ಹರಳು ಆರಿಸಿ, ನಾದಿ ಇಡುತ್ತೇನೆ, ಅಷ್ಟೇ. ಐವತ್ತು ದಾಟಿದವರೇ ಜಾಸ್ತಿ. ಎಲ್ಲರೂ ಮೊದಲು “ನನಗ ಬರೂದಿಲ್ರಿ” ಅನ್ನುತ್ತಾರೆ. ನಾನು ವಾದ ಮಾಡುವುದಿಲ್ಲ, ಒಂದು ಮುದ್ದಿ ಮಣ್ಣು ಕೈಗೆ ಕೊಡುತ್ತೇನೆ. ಸ್ವಲ್ಪ ಹೊತ್ತು ಸುಮ್ನೆ ಹಿಸುಕುತ್ತಾರೆ. ಆಮೇಲೆ ಹೆಬ್ಬೆರಳು ತಾನೇ ಎತ್ತಿನ ಹಿಣಿಲು ಎಬ್ಬಿಸುತ್ತದೆ, ಕೋಡು ಎಳೆಯುತ್ತದೆ. ಬಾಲ್ಯದಲ್ಲಿ ಎತ್ತು ಮಾಡಿದ ಕೈ ಮರೆತಿರುವುದಿಲ್ಲ.

ಒಮ್ಮೆ ರೋಣದ ಕಡೆಯವರೊಬ್ಬರು ಬಂದಿದ್ದರು, ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಸೊಸೆ ಒತ್ತಾಯ ಮಾಡಿ ಕಳಿಸಿದ್ದಳು. ಅವರ ಎತ್ತಿನ ಎಡಗೋಡು ಕೆಳಗೆ ಬಾಗಿತ್ತು. ಪಕ್ಕದವರು ಸರಿ ಮಾಡಲು ಕೈ ಚಾಚಿದರು. ಇವರು ತಡೆದರು. “ಬ್ಯಾಡ್ರಿ, ಅದು ಹಂಗ ಇತ್ತು. ಎಪ್ಪತ್ತೆರಡರ ಬರದಾಗ ಅಪ್ಪ ಅದನ್ನ ಸಂತಿಗೆ ಹೊಡಕೊಂಡು ಹ್ವಾದ. ಅಳಬ್ಯಾಡ ಅಂದಿದ್ದ, ಅಳಲಿಲ್ಲ.” ಕೈ ಕೆಲಸ ಮಾಡುತ್ತಲೇ ಇತ್ತು. ಗೋದಲಿಗೆ ಮಣ್ಣು ತಟ್ಟುತ್ತಾ, ತಲೆ ಎತ್ತದೆ, ಹೋದ ವರ್ಷ ತೀರಿಕೊಂಡ ಹೆಂಡತಿಯ ಸುದ್ದಿ ತೆಗೆದರು. ಆ ಮಾತು ಮನೆಯಲ್ಲಿ ಯಾರ ಮುಂದೆಯೂ ಬಂದಿರಲಿಲ್ಲ ಅಂತ ಸೊಸೆ ಆಮೇಲೆ ಹೇಳಿದಳು.

ಅವರ ದುಃಖ ಹೋಯಿತು ಅಂತ ನಾನು ಹೇಳುವುದಿಲ್ಲ. ಹೋಗಿಲ್ಲ. ಆದರೆ ಒಂದು ಗಮನಿಸಿ. ಎದುರುಬದುರು ಕೂತು “ಹೇಳ್ರಿ, ಏನ್ ನೋವೈತಿ” ಅಂದರೆ ನಮ್ಮ ಗಂಡಸರ ಬಾಯಿ ಕಟ್ಟಿಹೋಗುತ್ತದೆ. ಕಣ್ಣು ಮಣ್ಣಿನ ಮೇಲಿದ್ದಾಗ, ಯಾರ ಮುಖವನ್ನೂ ನೋಡಬೇಕಾಗಿಲ್ಲದಾಗ, ಮಾತು ಸಲೀಸಾಗಿ ಬರುತ್ತದೆ. ಎತ್ತು ಚಂದ ಆಗಲೇಬೇಕು ಅಂತಿದ್ದರೆ ಅವರು ಕೋಡು ನೆಟ್ಟಗೆ ಮಾಡುತ್ತಿದ್ದರು, ಮಾತೂ ಅಲ್ಲೇ ನಿಲ್ಲುತ್ತಿತ್ತು.

ಇದಕ್ಕೆ ಅಳತೆಯ ಆಧಾರವೂ ಸ್ವಲ್ಪ ಇದೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ತಂಡದವರು 39 ಜನ ವಯಸ್ಕರಿಗೆ ಮಣ್ಣು, ಸ್ಕೆಚ್ ಪೆನ್ನು, ಕಾಗದ ಕೊಟ್ಟು 45 ನಿಮಿಷ ಬಿಟ್ಟರು. ಮೊದಲು ಮತ್ತು ಆಮೇಲೆ ಜೊಲ್ಲು ತೆಗೆದು ಕಾರ್ಟಿಸಾಲ್ ಅಳೆದರು. ಒತ್ತಡ ಬಂದಾಗ ಮೈಯಲ್ಲಿ ಏರುವ ಹಾರ್ಮೋನ್ ಅದು. ಸುಮಾರು 75% ಜನರಲ್ಲಿ ಇಳಿದಿತ್ತು. 2016ರಲ್ಲಿ ಇದು ಪ್ರಕಟವಾಯಿತು. ನನಗೆ ಖುಷಿ ಕೊಟ್ಟ ಸಂಗತಿ ಬೇರೆ: ಮೊದಲೇ ಕಲೆ ಬಲ್ಲವರಿಗೂ ಬಾರದವರಿಗೂ ಇದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಆದರೆ ಸುಮ್ಮನೆ ಕೂತ ಇನ್ನೊಂದು ಗುಂಪಿನ ಜೊತೆ ಹೋಲಿಸಿ ನೋಡಿರಲಿಲ್ಲ. ಹಾಗಾಗಿ ಇದನ್ನೇ ಹಿಡಿದು ಡಂಗುರ ಸಾರಬಾರದು.

ಬರವಣಿಗೆಯದೂ ಹಾಗೆಯೇ. 1986ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಅವರು ವಿದ್ಯಾರ್ಥಿಗಳಿಂದ ನಾಲ್ಕು ರಾತ್ರಿ, ದಿನಕ್ಕೆ 15 ನಿಮಿಷ, ಬದುಕಿನ ದೊಡ್ಡ ಪೆಟ್ಟಿನ ಬಗ್ಗೆ ಬರೆಸಿದರು. ಆದದ್ದನ್ನೂ ಅನಿಸಿದ್ದನ್ನೂ ಕೂಡಿಸಿ ಬರೆದವರ ಮನಸ್ಸು ಆಗಿನ ಮಟ್ಟಿಗೆ ಮತ್ತಷ್ಟು ಕೆಟ್ಟಿತು. ಮುಂದಿನ ಆರು ತಿಂಗಳಲ್ಲಿ ಮಾತ್ರ ಅವರು ದವಾಖಾನೆಗೆ ಹೋದದ್ದು ಕಡಿಮೆ. ಆಮೇಲೆ ಬಂದ ಎಷ್ಟೋ ಅಧ್ಯಯನಗಳನ್ನು ಒಟ್ಟು ಸೇರಿಸಿದಾಗ ಲಾಭ ಇದೆ, ಆದರೆ ಸಣ್ಣದು ಅಂತ ಕಂಡಿತು. ಸಣ್ಣದಾದರೆ ಸಣ್ಣದು. ಒಂದು ನೋಟ್‌ಬುಕ್ಕಿನ ಖರ್ಚಿಗೆ ಅಷ್ಟು ಸಿಕ್ಕರೆ ನನಗೆ ಸಾಕು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ವಾರಗಟ್ಟಲೆ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಜೀವ ಬೇಡ ಅನಿಸುತ್ತಿದೆ ಅಂದರೆ ಮಣ್ಣು, ಬಣ್ಣ ಅಂತ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಇದೇ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಕಸೂತಿ ಹಾಕುವ ತಾಯಂದಿರೂ ಇಲ್ಲಿ ಕೂತಿದ್ದೀರಿ. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು, ಬರುವಾಗ ಬಿಟ್ಟದ್ದನ್ನು ತುಂಬುವುದು. ಗಂಟು ಹಾಕುವಂತಿಲ್ಲ, ಚಿತ್ರ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಬೇಕು. ಎಣಿಕೆ ತಪ್ಪಿದರೆ ತೇರು ಸೊಟ್ಟಗಾಗುತ್ತದೆ. ಎಳೆ ಎಣಿಸುವ ತಲೆಗೆ ನಿನ್ನೆಯ ಜಗಳವನ್ನು ಮತ್ತೆ ಮತ್ತೆ ಅಗಿಯಲು ಪುರುಸೊತ್ತು ಸಿಗುವುದಿಲ್ಲ. ಆದರೆ ಅದೇ ಕಸೂತಿಯನ್ನು ಇಂತಿಷ್ಟು ಸೀರೆಗೆ ಇಂತಿಷ್ಟು ಕೂಲಿ ಅಂತ, ರಾತ್ರಿ ಬಲ್ಬಿನ ಕೆಳಗೆ ಹಾಕುವಾಗ ಕತ್ತು ನೋಯುತ್ತದೆ, ಕಣ್ಣು ಉರಿಯುತ್ತದೆ. ಅಂಥವರಿಗೆ ಬೇಕಾಗಿದ್ದು ಸರಿಯಾದ ಕೂಲಿ, ನನ್ನ ಉಪನ್ಯಾಸವಲ್ಲ. ಅವರಿಗೆ ಆಟ ಬೇರೆ ಎಲ್ಲೋ ಇರಬೇಕು, ಹಾಡಿನಲ್ಲೋ ಗಿಡ ಹಚ್ಚುವುದರಲ್ಲೋ.

ವಯಸ್ಸಾಯಿತು ಅನ್ನುವವರಿಗೆ ರವೀಂದ್ರನಾಥ ಟಾಗೋರರನ್ನು ನೆನಪಿಸುತ್ತೇನೆ. ಕವಿತೆ ಬರೆಯುವಾಗ ಕಾಟು ಹೊಡೆದ ಸಾಲುಗಳನ್ನು ಒಂದಕ್ಕೊಂದು ಗೆರೆಯಿಂದ ಕೂಡಿಸುತ್ತಾ ಹೋದರು. ಕಾಟುಗಳಲ್ಲೇ ಹಕ್ಕಿ, ಮುಖ, ಹೆಸರಿಲ್ಲದ ಪ್ರಾಣಿ ಕಾಣಿಸಿಕೊಂಡವು. ಚಿತ್ರವನ್ನು ಮನಸ್ಸಿಟ್ಟು ಹಿಡಿದದ್ದು ಅರವತ್ತು ದಾಟಿದ ಮೇಲೆ. 1930ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನವಾಯಿತು. ಪ್ಯಾರಿಸ್ ಬಿಡಿ, ಅಲ್ಲಿ ಮತ್ತೆ ಸರ್ಟಿಫಿಕೇಟಿನ ವಾಸನೆ. ಆ ಕಾಟು ನೋಡಿ.

ಲಂಡನ್ನಿನಲ್ಲಿ ಡೊನಾಲ್ಡ್ ವಿನಿಕಾಟ್ ಎಂಬ ಮಕ್ಕಳ ಡಾಕ್ಟರು, ಮನೋವಿಶ್ಲೇಷಕರು ಇದ್ದರು. ಆಡಲು ಬಾರದ ರೋಗಿಯನ್ನು ಆಡುವ ಹಾಗೆ ಮಾಡುವುದೇ ಮೊದಲ ಕೆಲಸ ಅಂತ ನಂಬಿದವರು. ಅವರು ಮಕ್ಕಳ ಜೊತೆ ಒಂದು ಆಟ ಆಡುತ್ತಿದ್ದರು. ಕಾಗದದ ಮೇಲೆ ತಾವೊಂದು ಅಡ್ಡಾದಿಡ್ಡಿ ಗೆರೆ ಎಳೆಯುವುದು, ಮಗು ಅದನ್ನು ಏನಾದರೂ ಮಾಡುವುದು. ಮುಂದಿನ ಸಲ ಮಗು ಎಳೆಯುವುದು, ಡಾಕ್ಟರು ಮುಗಿಸುವುದು.

ನಿಮ್ಮ ಕುರ್ಚಿ ಮೇಲೆ ಒಂದು ಹಾಳೆ, ಒಂದು ಪೆನ್ಸಿಲ್ ಇಟ್ಟಿದ್ದೆವು. ಕೆಲವರು ಅದರಲ್ಲೇ ಗಾಳಿ ಹಾಕಿಕೊಳ್ಳುತ್ತಿದ್ದೀರಿ, ಇರಲಿ. ಕಣ್ಣು ಮುಚ್ಚಿ ಒಂದು ಗೆರೆ ಎಳೆದು ಪಕ್ಕದವರಿಗೆ ಕೊಡಿ. ಪರಿಚಯ ಇಲ್ಲದವರಾದರೆ ಇನ್ನೂ ಚಲೋ. ಬಂದ ಗೆರೆಯಲ್ಲಿ ಏನು ಕಂಡರೆ ಅದನ್ನು ಮಾಡಿ: ಬೆಕ್ಕೋ, ಬಸ್ಸೋ, ನಿಮ್ಮ ಅತ್ತೆಯವರೋ. ಹೆಸರು ಬರೆಯಬೇಡಿ. ಮೊಬೈಲ್ ಚೀಲದಲ್ಲಿರಲಿ, ಫೋಟೊ ಬೇಡ. ನಾನು ಯಾವ ಹಾಳೆಯನ್ನೂ ವಾಪಸ್ ತೆಗೆದುಕೊಳ್ಳುವುದಿಲ್ಲ, ಬಹುಮಾನವೂ ಇಲ್ಲ. ಚಹಾ ಬರಲು ಹತ್ತು ನಿಮಿಷ ಇದೆಯಂತೆ. ಹಿಂದಿನ ಸಾಲಿನ ರಾಯರೇ, ನೀವೂ ಎಳೀರಿ.