ರಿಟೈರ್ ಆದ್ಮೇಲೆ ದೊಡ್ಡ ಸಿಟಿಗೆ ಹೋಗ್ಬೇಕಾ? ಊರ್ಮನೆ ಮಾರೋಕ್ ಮುಂಚೆ ಒಂದ್ ವರ್ಷ ತಡೀರಿ

(ಶಾಟ್: ಹಳ್ಳಿ ಮನೆ ಜಗಲಿ, ಬೀಗ ಹಾಕಿರೋ ಬಾಗಿಲು)

ನಮಸ್ಕಾರ ಎಲ್ರಿಗೂ. ಇದು ನಮ್ಮನೆ, ಪಾಂಡವಪುರದ ಹತ್ರ. ಬೀಗ ಹಾಕಿದೆ ಆದ್ರೆ ಮಾರಿಲ್ಲ, ಇವತ್ತಿನ ವಿಡಿಯೋ ಪೂರ್ತಿ ಯಾಕ್ ಮಾರಿಲ್ಲ ಅನ್ನೋದ್ರ ಬಗ್ಗೇನೇ. ನಮ್ ಮಂಡ್ಯ ಕಡೆ ಈಗ ಮನೆಗೊಬ್ರು ಬೆಂಗಳೂರಲ್ಲಿದಾರೆ, ಅಪ್ಪ ರಿಟೈರ್ ಆದ ತಕ್ಷಣ "ಅಲ್ಲೇನ್ ಮಾಡ್ತೀರಾ ಇಬ್ರೇ, ಬಂದ್ಬಿಡಿ" ಅಂತಾರೆ, ಪ್ರೀತಿಯಿಂದ್ಲೇ ಅಂತಾರೆ, ಆಮೇಲೆ ಊರ್ಮನೆ ಮಾರಿ ಆ ದುಡ್ಡು ಫ್ಲ್ಯಾಟಿಗೆ ಹಾಕೋ ಮಾತು ಶುರುವಾಗತ್ತೆ.

ನಮ್ಮನೇಲೂ ಹಿಂಗೇ ಆಯ್ತು. ಅಪ್ಪ ಹೈಸ್ಕೂಲ್ ಮೇಷ್ಟ್ರು, 60ಕ್ಕೆ ರಿಟೈರ್ ಆದ್ರು. ಅಣ್ಣ ಬೆಂಗಳೂರಲ್ಲಿ ಒಂಬತ್ತನೇ ಮಹಡೀಲಿ ಇರ್ತಾನೆ, ಕರ್ಕೊಂಡ್ ಹೋದ. ಅತ್ತಿಗೆ ತಾಯಿ ಥರ ನೋಡ್ಕೊಂಡ್ರು, ಇದನ್ನ ಮೊದ್ಲೇ ಹೇಳ್ಬಿಡ್ತೀನಿ, ಇದ್ರಲ್ಲಿ ಯಾರ್ದೂ ತಪ್ಪಿಲ್ಲ.

ಒಂದಿನ ನಾನು ಅಲ್ಲಿಗ್ ಹೋಗಿದ್ದೆ. ಅಪ್ಪ ಹಾಲು ತರೋಕೆ ಕೆಳಗಿಳಿಯೋಕ್ ಮುಂಚೆ ಜೇಬಿಂದ ಒಂದು ಚೀಟಿ ತೆಗ್ದು ನೋಡ್ಕೊಂಡು ವಾಪಸ್ ಇಟ್ಕೊಂಡ್ರು. ಬಿಪಿ ಮಾತ್ರೆ ಸ್ಟ್ರಿಪ್ ಜೊತೆ ಮಡಚಿಟ್ಟಿದ್ದ ಚೀಟಿ, ಅದ್ರಲ್ಲಿ ಬ್ಲಾಕು, ಫ್ಲ್ಯಾಟ್ ನಂಬರು, ಅಣ್ಣನ ಫೋನ್ ನಂಬರು, ಬೋರ್ಡ್ ಮೇಲೆ ಬರೀತಿದ್ರಲ್ಲ ಅದೇ ದುಂಡು ಅಕ್ಷರ. ಗೇಟಲ್ಲಿ ಸೆಕ್ಯೂರಿಟಿಯವ್ರು ದಿನಾ "ಯಾವ ಫ್ಲ್ಯಾಟ್" ಅಂತ ಕೇಳ್ತಾರಂತೆ, ಒಂದಿನ ತಕ್ಷಣ ನೆನಪಾಗ್ಲಿಲ್ವಂತೆ. ಮೂವತ್ತು ವರ್ಷ ಊರಲ್ಲಿ "ಮೇಷ್ಟ್ರೇ" ಅನ್ನಿಸ್ಕೊಂಡ ಮನುಷ್ಯ. ಅವ್ವ ಲಿಫ್ಟಲ್ಲಿ ಒಬ್ಳೇ ಹತ್ತೋಕೆ ಹೆದರ್ತಿದ್ಲು, ಯಾರಾದ್ರೂ ಇಳಿಯೋವರ್ಗೂ ಬಾಗ್ಲಲ್ಲಿ ನಿಂತ್ಕೊಂಡು ಕಾಯ್ತಿದ್ಲು, "ಯಾರ್ ಮನೆ ಬಾಗ್ಲೂ ತೆಗ್ದಿರಲ್ವಲ್ಲೋ ಮಗ ಇಲ್ಲಿ" ಅಂತ ಅಂದ್ಲು. ಆ ಮಾತು ನನ್ನ ಬಿಡ್ಲೇ ಇಲ್ಲ.

ಹಂಗಂತ ಊರಲ್ಲೇ ಇರ್ಲಿ ಅನ್ನೋಕೂ ಆಗಲ್ಲ. ಅಪ್ಪಂಗೆ ಸ್ಟೆಂಟ್ ಹಾಕಿದೆ. ಲಕ್ವ ಹೊಡೆದ್ರೆ, ಅಂದ್ರೆ ಸ್ಟ್ರೋಕ್, ರಕ್ತ ಹೆಪ್ಪುಗಟ್ಟಿ ಆಗಿರೋದಾದ್ರೆ ಅದನ್ನ ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಒಳಗೇ ಕೊಡ್ಬೇಕು, ಹಾರ್ಟಿಗಂತೂ ಪ್ರತಿ ನಿಮಿಷನೂ ಲೆಕ್ಕ. ಅದಕ್ಕೇ ವಯಸ್ಸಾದವ್ರು ಆಸ್ಪತ್ರೆ ಹತ್ರ ಇರ್ಬೇಕು ಅನ್ನೋದನ್ನ ನಾನು ಒಪ್ತೀನಿ. ಆದ್ರೆ ಹತ್ರ ಅನ್ನೋದು ಕಿಲೋಮೀಟರಲ್ಲ, ಟೈಮು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ್ಮೇಲೆ ಮಂಡ್ಯದಿಂದ ಕೆಂಗೇರಿವರ್ಗೂ ಸಲೀಸಾಗಿ ಹೋಗ್ಬಿಡ್ತೀವಿ, ಅಲ್ಲಿಂದ ಒಳಗೆ ಹೋಗೋದಿದ್ಯಲ್ಲ, ಅದೇ ಇನ್ನೊಂದ್ ಪ್ರಯಾಣ. ಮನೆ ನೋಡೋಕೆ ಹೋದಾಗ ಒಂದ್ ಕೆಲ್ಸ ಮಾಡಿ, ಸಂಜೆ ಆರು ಗಂಟೆಗೆ ಆ ಮನೆ ಮುಂದಿಂದ ಆಟೋ ಹತ್ತಿ ಆಸ್ಪತ್ರೆ ಗೇಟ್‌ವರ್ಗೂ ಹೋಗಿ, ಎಷ್ಟೊತ್ತಾಯ್ತು ಅಂತ ಬರ್ಕೊಳಿ. ಭಾನುವಾರ ಬೆಳಿಗ್ಗೆ ಮ್ಯಾಪ್ ತೋರ್ಸೋ ಟೈಮ್ ನಂಬ್ಬೇಡಿ.

(ಶಾಟ್: ಕುಕ್ಕರಹಳ್ಳಿ ಕೆರೆ ಏರಿ, ಬೆಳಿಗ್ಗೆ)

ಎಂಟು ತಿಂಗ್ಳಾದ್ಮೇಲೆ ಅಪ್ಪಾನೇ ಬಾಯ್ಬಿಟ್ಟು ಹೇಳಿದ್ರು, ಬೆಂಗಳೂರಲ್ಲಿ ಇರೋಕಾಗ್ತಿಲ್ಲ ಅಂತ. ಮೈಸೂರಲ್ಲಿ ಕುವೆಂಪುನಗರದಲ್ಲಿ ಗ್ರೌಂಡ್ ಫ್ಲೋರ್ ಮನೆ ಬಾಡಿಗೆಗೆ ಮಾಡಿದ್ವಿ. ಜಯದೇವ ಆಸ್ಪತ್ರೆ ಮೈಸೂರಲ್ಲೂ ಇದೆ, ಕೆ.ಆರ್. ಆಸ್ಪತ್ರೆ ಇದೆ, ಊರಿಗೆ ಬಸ್ಸಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರ್ಬೋದು. ಅಪ್ಪ ಈಗ ದಿನಾ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್, ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ ಅದು, ಅಲ್ಲಿ ಅವರಂಗೇ ರಿಟೈರಾದವ್ರ ಒಂದ್ ಗುಂಪೇ ಇದೆ. ಅವ್ವ ತರಕಾರಿಗೆ ಒಬ್ಳೇ ನಡ್ಕೊಂಡು ಹೋಗಿ ಬರ್ತಾಳೆ, ಹೂವಿನವ್ಳ ಹತ್ರ ಅರ್ಧ ಗಂಟೆ ಮಾತಾಡ್ತಾಳೆ. ನಾನು ಕಲ್ತಿದ್ದು ಇಷ್ಟೇ, ವಯಸ್ಸಾದವ್ರು ಯಾರ್ನೂ ಕೇಳ್ದೆ ತಮ್ ಕಾಲಲ್ಲಿ ಎಲ್ಲೆಲ್ಲಿಗೆ ಹೋಗ್ಬೋದು ಅಂತ ಮೊದ್ಲು ನೋಡ್ಬೇಕು, ಇಟಾಲಿಯನ್ ಮಾರ್ಬಲ್ಲು ಕ್ಲಬ್‌ಹೌಸು ಆಮೇಲೆ. ಬೆಂಗಳೂರಲ್ಲೂ ಇಂಥ ಬೀದಿ ಇಲ್ಲ ಅಂತಲ್ಲ, ಬಸವನಗುಡಿ ಮಲ್ಲೇಶ್ವರದಲ್ಲಿ ಇವೆ, ಆದ್ರೆ ಮಕ್ಳಿರೋದು ಅಲ್ಲಲ್ವಲ್ಲ.

ಈಗ ದುಡ್ಡು. ರಿಟೈರ್ ಆದಾಗ ಬಂದ ದುಡ್ಡೆಲ್ಲ ಒಂದ್ ಮನೆಗೆ ಸುರಿಬೇಡಿ ಅಂತ ಕೈ ಮುಗಿದು ಹೇಳ್ತೀನಿ. ಪೋಸ್ಟಾಫೀಸಲ್ಲಿ ಸೀನಿಯರ್ ಸಿಟಿಜನ್ ಸೇವಿಂಗ್ಸ್ ಸ್ಕೀಮ್ ಇದೆ, 60 ಆದವ್ರು ಒಬ್ರು 30 ಲಕ್ಷದವರ್ಗೂ ಇಡ್ಬೋದು, ಐದು ವರ್ಷ, ಮೂರ್ ತಿಂಗ್ಳಿಗೊಂದ್ಸಲ ಬಡ್ಡಿ ಬರತ್ತೆ. ಅಪ್ಪ ಇಟ್ಟಾಗ 8.2% ಇತ್ತು, ಇಟ್ಟ ದಿನ ಇದ್ದ ರೇಟೇ ಐದು ವರ್ಷ ನಡಿಯತ್ತೆ. 20 ಲಕ್ಷ ಇಟ್ಟಿದಾರೆ, ಮೂರ್ ತಿಂಗ್ಳಿಗೆ 41,000, ಅಂದ್ರೆ ತಿಂಗ್ಳಿಗೆ 13,600 ಚಿಲ್ರೆ. ನಮ್ ಬಾಡಿಗೆ 13,000. ಪೆನ್ಷನ್ ಮುಟ್ಟದೇ ಬಾಡಿಗೆ ಹೋಗತ್ತೆ, ಅಸಲು ಅಲ್ಲೇ ಇರತ್ತೆ, ಮನೆ ಹೊಂದ್ಲಿಲ್ಲ ಅಂದ್ರೆ ಅಡ್ವಾನ್ಸ್ ಇಸ್ಕೊಂಡು ಬೇರೆ ಮನೆ. ಪೆನ್ಷನ್ ಊರ್ ಬ್ಯಾಂಕಲ್ಲೇ ಇದ್ರೂ ಪರ್ವಾಗಿಲ್ಲ, ನವೆಂಬರಲ್ಲಿ ಕೊಡೋ ಲೈಫ್ ಸರ್ಟಿಫಿಕೇಟು ಈಗ ಮೊಬೈಲಲ್ಲಿ ಮುಖ ತೋರ್ಸಿ ಜೀವನ್ ಪ್ರಮಾಣ್ ಆ್ಯಪಲ್ಲೇ ಮಾಡ್ಬೋದು.

ಹೆಲ್ತ್ ಇನ್ಶೂರೆನ್ಸ್ ಒಂದ್ ಮಾತು. 65 ದಾಟಿದ್ರೆ ಹೊಸ ಪಾಲಿಸಿ ಸಿಗಲ್ಲ ಅಂತ ಸುಮ್ನಾಗ್ಬೇಡಿ, ಆ ವಯಸ್ಸಿನ ಮಿತಿ 2024ರಲ್ಲಿ ಹೋಯ್ತು. ಮೊದ್ಲೇ ಇರೋ ಕಾಯಿಲೆಗೆ ಹೆಚ್ಚಂದ್ರೆ 3 ವರ್ಷ ಕಾಯ್ಸ್ತಾರೆ, ಅದಕ್ಕೇ ರಿಟೈರ್ ಆಗೋಕ್ ಮುಂಚೇನೇ ಮಾಡ್ಸಿ.

ಇದನ್ನ ಮಾತ್ರ ಸ್ವಲ್ಪ ನಿಧಾನಕ್ಕೆ ಕೇಳಿ. ಸಿಟಿಗೆ ಹೋಗೋ ಗಡಿಬಿಡೀಲಿ ಊರ್ಮನೆ ಜಮೀನು ಮಕ್ಳಿಗೆ ಗಿಫ್ಟ್ ಡೀಡ್ ಮಾಡಿ ಕೊಟ್ಬಿಡ್ತಾರೆ. ಡೀಡ್ ರಿಜಿಸ್ಟರ್ ಆಗಿ ಮಕ್ಳ ಕೈ ಸೇರಿದ್ರೆ ಆಸ್ತಿ ಅವ್ರದ್ದು, ಮುಗೀತು. ವಿಲ್ ಬರೆದ್ರೆ ನೀವು ಇರೋವರ್ಗೂ ನಿಮ್ದೇ, ಮನ್ಸು ಬದ್ಲಾದ್ರೆ ಬದ್ಲಾಯಿಸ್ಬೋದು. ಗಿಫ್ಟೇ ಮಾಡ್ಬೇಕು ಅಂದ್ರೆ, "ನಮ್ಮನ್ನ ನೋಡ್ಕೋಬೇಕು, ಊಟ ವಸತಿ ಔಷಧಿ ಕೊಡ್ಬೇಕು" ಅನ್ನೋ ಷರತ್ತನ್ನ ಪತ್ರದಲ್ಲೇ ಬರೆಸಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ ಸೆಕ್ಷನ್ 23 ಇರೋದೇ ಇದಕ್ಕೆ, ಷರತ್ತು ಮುರಿದ್ರೆ ಎ.ಸಿ., ಅಂದ್ರೆ ಅಸಿಸ್ಟೆಂಟ್ ಕಮಿಷನರ್, ಅವ್ರ ನ್ಯಾಯಮಂಡಳಿಗೆ ಅರ್ಜಿ ಹಾಕಿ ಆ ವರ್ಗಾವಣೇನೇ ರದ್ದು ಮಾಡಿಸ್ಬೋದು. ಷರತ್ತು ಬರೆಸಿಲ್ಲ ಅಂದ್ರೆ ಕೋರ್ಟಲ್ಲಿ ತುಂಬ ಕಷ್ಟ ಆಗತ್ತೆ. ನಮ್ಮೂರ ಒಬ್ಬ ಅಜ್ಜಿ ಷರತ್ತಿಲ್ದೆ ಹೆಬ್ಬೆಟ್ಟು ಒತ್ಬಿಟ್ರು, ಈಗ ತಾವು ಕಟ್ಟಿಸಿದ ಮನೆ ಹಿಂದಿನ ಕೊಟ್ಟಿಗೇಲಿದಾರೆ, ನಾನೇ ನೋಡಿ ಬಂದಿದೀನಿ, ಹೇಳೋಕೆ ಗಂಟ್ಲು ಕಟ್ಟತ್ತೆ. ಇಂಥ ಪರಿಸ್ಥಿತೀಲಿ ಯಾರಾದ್ರೂ ಇದ್ರೆ 14567 ಗೆ ಫೋನ್ ಮಾಡ್ಸಿ, ಹಿರಿಯರ ಸಹಾಯವಾಣಿ, ಫ್ರೀ.

(ಶಾಟ್: ಅದೇ ಮನೆ, ಬಾಗಿಲು ತೆಗೆದಿದೆ)

ಇವತ್ತು ಭಾನುವಾರ. ತಿಂಗ್ಳಿಗೊಂದ್ಸಲ ಅಪ್ಪ ಅವ್ವ ಮೈಸೂರಿಂದ ಬಸ್ ಹತ್ತಿ ಬರ್ತಾರೆ, ಅವ್ವಂಗೆ ಶಕ್ತಿ ಯೋಜನೆ ಟಿಕೆಟ್ಟು, ಅಪ್ಪಂಗೆ ಹಿರಿಯರ ರಿಯಾಯ್ತಿ 25%. ಬಾಗ್ಲು ತೆಗೆದು, ಧೂಳು ಹೊಡೆದು, ದೀಪ ಹಚ್ತಾರೆ. ಪಕ್ಕದ್ಮನೆ ದೊಡ್ಡವ್ವ ಈಗ್ತಾನೆ ಸೋರೆಕಾಯಿ ತಂದು ಜಗಲಿ ಮೇಲಿಟ್ರು, ಅವ್ವ ಒಳಗಿಂದ್ಲೇ "ಕೂತ್ಕಳಕ್ಕ, ಟೀ ಕಾಯಿಸ್ತೀನಿ" ಅಂತಿದಾಳೆ. ಅಪ್ಪ ಹಿತ್ಲಲ್ಲಿ ತೆಂಗಿನ ಬುಡಕ್ಕೆ ಪಾತಿ ಮಾಡ್ತಿದಾರೆ, ಕ್ಯಾಮೆರಾ ಇಟ್ಟು ನಾನೂ ಹೋಗಿ ಗುದ್ಲಿ ಇಸ್ಕೋತೀನಿ, ಅವ್ರು ಬಗ್ಗಿ ಅಗೀಬಾರ್ದು ಅಂತ ಡಾಕ್ಟ್ರು ಹೇಳಿದಾರೆ.