ಒಣಗಿದ ಸರೋವರದ ಜೇಡಿಮಣ್ಣು: ಮಂಗೊ ರಾಷ್ಟ್ರೀಯ ಉದ್ಯಾನದಲ್ಲಿ ಡೇರೆ ಹಾಕುವ ಮುನ್ನ

[ದೃಶ್ಯ: ಕೆಂಪು ಮಣ್ಣಿನ ರಸ್ತೆಗೆ ಅಡ್ಡಲಾಗಿ ‘ರಸ್ತೆ ಮುಚ್ಚಿದೆ’ ಎಂಬ ಫಲಕ. ಮೇಲೆ ಮೋಡವೇ ಇಲ್ಲದ ನೀಲಿ ಆಕಾಶ.]

ನಮಸ್ಕಾರ. ಈ ಫಲಕವನ್ನು ನೋಡಿ. ಬಿಸಿಲು ಹೊಡೆಯುತ್ತಿದೆ, ಮೋಡದ ಸುಳಿವಿಲ್ಲ, ಆದರೂ ದಾರಿ ಬಂದ್. ಮಳೆ ಬಂದು ಹೋಗಿದ್ದು ನಿನ್ನೆ. ಇಂದೂ ವಾಹನ ಬಿಡುವುದಿಲ್ಲ, ನಾಳೆಯೂ ಬಿಡದೆ ಇರಬಹುದು. ವರ್ಷಕ್ಕೆ 300 ಮಿಲಿಮೀಟರ್ ಮಳೆಯನ್ನೂ ಕಾಣದ ಸೀಮೆಯಲ್ಲಿ ಒಂದು ಸಣ್ಣ ಮಳೆಗೆ ಇಷ್ಟು ಹೆದರುವುದೇಕೆ?

ಉತ್ತರ ಮಣ್ಣಿನಲ್ಲಿದೆ. ಇವತ್ತಿನ ವಿಡಿಯೋ ಹೆಸರಿಗೆ ಪ್ರವಾಸದ್ದು, ಡೇರೆ ಹಾಕುವುದರದ್ದು. ಆದರೆ ನಾನು ಹೆಚ್ಚು ಹೊತ್ತು ಮಾತನಾಡುವುದು ಜೇಡಿಮಣ್ಣಿನ ಬಗ್ಗೆ. ಅದು ಅರ್ಥವಾದರೆ ಈ ಉದ್ಯಾನದ ನಿಯಮಗಳೂ ಅರ್ಥವಾಗುತ್ತವೆ, ಇಲ್ಲಿ ನೋಡಬೇಕಾದದ್ದೂ ಅರ್ಥವಾಗುತ್ತದೆ.

[ದೃಶ್ಯ: ನಕ್ಷೆ. ಮೆಲ್ಬರ್ನ್‌ನಿಂದ ಮಿಲ್ಡೂರಾ, ಅಲ್ಲಿಂದ ಮಂಗೊ.]

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ನೈಋತ್ಯ ಮೂಲೆಯಲ್ಲಿದೆ ಮಂಗೊ ರಾಷ್ಟ್ರೀಯ ಉದ್ಯಾನ. ಹತ್ತಿರದ ದೊಡ್ಡ ಊರು ಮಿಲ್ಡೂರಾ. ಅದು ಮರ್ರೆ ನದಿಯ ಆಚೆ ದಡದಲ್ಲಿ, ವಿಕ್ಟೋರಿಯಾ ರಾಜ್ಯದಲ್ಲಿದೆ. ಅಲ್ಲಿಂದ ಉದ್ಯಾನಕ್ಕೆ ಸುಮಾರು 110 ಕಿಲೋಮೀಟರ್. ಮೆಲ್ಬರ್ನ್‌ನಲ್ಲಿ ನೆಲೆಸಿರುವ ನಮ್ಮ ವೀಕ್ಷಕರಿಗೆ ಮಿಲ್ಡೂರಾ ಸುಮಾರು 540 ಕಿಲೋಮೀಟರ್, ಅಂದರೆ ಒಂದು ಹಗಲಿನ ದಾರಿ. ಸಿಡ್ನಿಯಿಂದ ಹೊರಡುವವರು ದಾರಿಯಲ್ಲಿ ಒಂದು ರಾತ್ರಿ ತಂಗುವುದು ಒಳ್ಳೆಯದು.

ಹೆಸರು ಮಂಗೊ ಸರೋವರ. ನೀರು ಮಾತ್ರ ಇಲ್ಲ. ಕಡೇಪಕ್ಷ 15,000 ವರ್ಷಗಳಿಂದ ಇಲ್ಲ. ಹಿಮಯುಗದ ಕಾಲದಲ್ಲಿ ಪೂರ್ವದ ಬೆಟ್ಟಗಳಿಂದ ಲಾಕ್ಲನ್ ನದಿಯ ಕವಲಾದ ವಿಲ್ಯಾಂಡ್ರ ಹೊಳೆ ಇಳಿದು ಬಂದು, ಒಂದರ ನಂತರ ಒಂದರಂತೆ ಇಲ್ಲಿನ ಸರೋವರಗಳ ಸಾಲನ್ನು ತುಂಬಿಸುತ್ತಿತ್ತು. ಹವಾಮಾನ ಬದಲಾಯಿತು, ಹೊಳೆ ಬರುವುದು ನಿಂತಿತು, ಸರೋವರಗಳು ಬತ್ತಿದವು. ಈಗ ಸರೋವರದ ತಳವೆಂದರೆ ಬೂದುಬಣ್ಣದ ಕುರುಚಲು ಗಿಡಗಳ ಬಯಲು. ಸಾಲ್ಟ್‌ಬುಷ್, ಬ್ಲೂಬುಷ್ ಎಂಬ ಉಪ್ಪು ತಾಳುವ ಗಿಡಗಳು ಮೊಣಕಾಲೆತ್ತರಕ್ಕೆ ಹರಡಿವೆ. ಆ ಬಯಲಿನ ಮೇಲೆಯೇ ನೀವು ಕಾರು ಓಡಿಸಿಕೊಂಡು ಆಚೆ ದಡಕ್ಕೆ ಹೋಗುತ್ತೀರಿ.

[ದೃಶ್ಯ: ಪೂರ್ವ ದಂಡೆಯ ಮರಳುದಿಬ್ಬ. ಬಿಳಿ, ಬೂದು, ಕೆಂಪು ಪದರಗಳು. ಮಳೆ ಕೊರೆದ ಸೀಳುಗಳು.]

ಆಚೆ ದಡದಲ್ಲಿ ಇರುವುದೇ ‘ವಾಲ್ಸ್ ಆಫ್ ಚೈನಾ’. ಹೆಸರು ಕೇಳಿ ಎತ್ತರದ ಗೋಡೆಯನ್ನು ಊಹಿಸಿಕೊಂಡು ಹೋಗಬೇಡಿ. ಇದು ಸರೋವರದ ಪೂರ್ವ ದಂಡೆಯುದ್ದಕ್ಕೂ ಕಿಲೋಮೀಟರ್‌ಗಟ್ಟಲೆ ಬಾಗಿ ಮಲಗಿರುವ ದಿಬ್ಬ, ಗಾಳಿ ಕಟ್ಟಿದ್ದು. ಪೂರ್ವದಲ್ಲೇ ಏಕೆ? ಇಲ್ಲಿನ ಬಲವಾದ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಸರೋವರ ತುಂಬಿದ್ದಾಗ ಅಲೆಗಳು ಶುದ್ಧ ಮರಳನ್ನು ಪೂರ್ವ ದಡಕ್ಕೆ ತಂದು ಹಾಕಿದವು, ಗಾಳಿ ಅದನ್ನು ಗುಡ್ಡೆ ಮಾಡಿತು. ನೀರು ಇಳಿದು ತಳ ಕಂಡಾಗ ಬೇರೆಯೇ ಕೆಲಸ ನಡೆಯಿತು. ಉಪ್ಪು ಸೇರಿದ ಜೇಡಿಮಣ್ಣು ಒಣಗಿ, ಬಿರಿದು, ಮರಳಿನಷ್ಟೇ ಗಾತ್ರದ ಹರಳುಗಳಾಯಿತು. ಗಾಳಿ ಆ ಹರಳುಗಳನ್ನೂ ಹೊತ್ತುಕೊಂಡು ಹೋಗಿ ದಿಬ್ಬದ ಮೇಲೆ ಸುರಿಯಿತು. ಮಳೆ ಬಿದ್ದಾಗ ಹರಳುಗಳು ಕರಗಿ ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾದವು.

ಹಾಗಾಗಿ ದಿಬ್ಬದಲ್ಲಿ ಮರಳಿನ ಪದರ ಕಂಡರೆ ಆಗ ಸರೋವರ ತುಂಬಿತ್ತು ಎಂದರ್ಥ. ಜೇಡಿ ಹೆಚ್ಚಿರುವ ಪದರವಾದರೆ ಅದು ಬತ್ತುತ್ತಿದ್ದ ಕಾಲದ್ದು. ಎಲ್ಲಕ್ಕಿಂತ ಕೆಳಗಿನ ಕೆಂಪು ಪದರಕ್ಕೆ ಲಕ್ಷ ವರ್ಷಕ್ಕೂ ಹೆಚ್ಚು ವಯಸ್ಸು.

ಈ ಪದರಗಳನ್ನು ಅಭ್ಯಾಸ ಮಾಡಲು ಬಂದವರು ಭೂವಿಜ್ಞಾನಿ ಜಿಮ್ ಬೌಲರ್. ಅವರು ಹುಡುಕುತ್ತಿದ್ದದ್ದು ಹಳೆಯ ಹವಾಮಾನದ ಗುರುತುಗಳನ್ನು, ಮನುಷ್ಯರನ್ನಲ್ಲ. 1968ರಲ್ಲಿ ಮಣ್ಣು ಸವೆದ ಜಾಗದಲ್ಲಿ ಸುಣ್ಣದ ಗಟ್ಟಿ ಕವಚದೊಳಗೆ ಸುಟ್ಟ ಮೂಳೆಗಳು ಕಂಡವು. ಅವು ಒಬ್ಬ ಮಹಿಳೆಯದು. ಆಕೆಯ ದೇಹವನ್ನು ದಹಿಸಿ, ಮೂಳೆಗಳನ್ನು ಒಡೆದು, ಹೂಳಲಾಗಿತ್ತು. 1974ರಲ್ಲಿ ಅಲ್ಲಿಂದ ಹೆಚ್ಚು ದೂರವಿಲ್ಲದ ಕಡೆ ಬೌಲರ್‌ಗೆ ಇನ್ನೊಬ್ಬರು ಕಂಡರು. ಈ ಬಾರಿ ದಹನವಲ್ಲ, ಸಮಾಧಿ. ಗಂಡಸಿನ ದೇಹ, ಅದರ ಮೇಲೆ ಕೆಂಪು ಕಾವಿಮಣ್ಣು ಉದುರಿಸಲಾಗಿತ್ತು. ಅಂಥ ಕಾವಿ ಸುತ್ತಮುತ್ತ ಸಿಗುವುದಿಲ್ಲ, ದೂರದಿಂದ ತಂದಿರಬೇಕು. 2003ರಲ್ಲಿ ಪ್ರಕಟವಾದ ಕಾಲನಿರ್ಣಯದ ಪ್ರಕಾರ ಇಬ್ಬರೂ ಬದುಕಿದ್ದು ಸುಮಾರು 40,000 ವರ್ಷಗಳ ಹಿಂದೆ. ವಿಧಿಪೂರ್ವಕ ದಹನಕ್ಕೆ ಜಗತ್ತಿನಲ್ಲಿ ಸಿಕ್ಕಿರುವ ಅತಿ ಹಳೆಯ ಸಾಕ್ಷ್ಯಗಳಲ್ಲಿ ಆ ಮಹಿಳೆಯದೂ ಒಂದು.

ಇನ್ನೊಂದು ಶೋಧ 2003ರದ್ದು. ಇಲ್ಲಿನ ಮೂಲನಿವಾಸಿಗಳಾದ ಮುತ್ತಿ ಮುತ್ತಿ ಸಮುದಾಯದ ಮೇರಿ ಪ್ಯಾಪಿನ್ ಎಂಬ ಯುವತಿಗೆ ಸಮೀಕ್ಷೆಯ ವೇಳೆ ನೆಲದಲ್ಲಿ ಒಂದು ಹೆಜ್ಜೆಗುರುತು ಕಂಡಿತು. ಕೆದಕಿದಂತೆ ನೂರಾರು ಸಿಕ್ಕವು. ಸುಮಾರು 20,000 ವರ್ಷಗಳ ಹಿಂದೆ ದೊಡ್ಡವರು, ಮಕ್ಕಳು, ಓಡುತ್ತಿದ್ದವರು ಒದ್ದೆ ಜೇಡಿಯ ಮೇಲೆ ಹಾದು ಹೋಗಿದ್ದರು. ಜೇಡಿ ಒಣಗಿ ಕಲ್ಲಾಯಿತು, ಮೇಲೆ ಮರಳು ಮುಚ್ಚಿತು. ಈಗ ಮೂಲ ಗುರುತುಗಳನ್ನು ರಕ್ಷಣೆಗಾಗಿ ಮತ್ತೆ ಮರಳಿನಡಿ ಮುಚ್ಚಿದ್ದಾರೆ. ಸಂದರ್ಶಕರ ಕೇಂದ್ರದ ಬಳಿ ಅವುಗಳ ಅಚ್ಚು ಇದೆ. ಮಕ್ಕಳು ಅದರ ಪಕ್ಕದಲ್ಲಿ ತಮ್ಮ ಪಾದ ಇಟ್ಟು ಅಳೆಯುವುದನ್ನು ನೋಡುವುದೇ ಒಂದು ಸಂತೋಷ.

ಈಗ ರಸ್ತೆಯ ವಿಷಯ. ನಮ್ಮ ವಿಜಯಪುರ, ಗದಗದ ಕಡೆಯವರಿಗೆ ಎರೆಹೊಲದ ಗುಣ ಹೇಳಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಕಲ್ಲು, ಮಳೆಯಲ್ಲಿ ಕಾಲು ಹಿಡಿಯುವ ಅಂಟು. ಬಣ್ಣ ಬೇರೆ, ಆದರೆ ಮಂಗೊದ ದಾರಿಯೂ ಅದೇ ಸ್ವಭಾವದ್ದು. ಚಕ್ರಕ್ಕೆ ಜೇಡಿ ಸುತ್ತಿಕೊಂಡರೆ ಕಾರು ನೀವು ತಿರುಗಿಸಿದ ಕಡೆಗೆ ಹೋಗುವುದಿಲ್ಲ. ಒದ್ದೆ ರಸ್ತೆಯಲ್ಲಿ ಒಂದು ವಾಹನ ಕೊರೆದ ಹಳ್ಳ ಒಣಗಿದ ಮೇಲೆ ಗಟ್ಟಿಯಾಗಿ ಉಳಿದು, ಹಿಂದೆ ಬರುವವರಿಗೆಲ್ಲ ಕಾಟ ಕೊಡುತ್ತದೆ. ಮುಚ್ಚಿದ ರಸ್ತೆಗೆ ನುಗ್ಗಿದರೆ ಭಾರಿ ದಂಡ ಹಾಕುವುದು ಇದೇ ಕಾರಣಕ್ಕೆ. ಫಲಕವನ್ನು ಪಕ್ಕಕ್ಕೆ ಸರಿಸಿ ಹೋಗುವ ಧೀರರ ವಿಡಿಯೋಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಅವು ನನಗೆ ಸಾಹಸವಾಗಿ ಕಾಣುವುದಿಲ್ಲ.

ಒಣಹವೆಯಲ್ಲಿ ಸಾಮಾನ್ಯ ಕಾರು ಸಾಕು. ನಿಧಾನವಾಗಿ ಓಡಿಸಿ, ಏಕೆಂದರೆ ಮಣ್ಣಿನ ರಸ್ತೆ ಅಲೆಅಲೆಯಾಗಿ ಎದ್ದಿರುತ್ತದೆ. ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಅದುರುವುದು ಕಡಿಮೆಯಾಗುತ್ತದೆ. ಮತ್ತೆ ತುಂಬಿಸಲು ಪಂಪ್ ಜೊತೆಗಿರಲಿ, ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ. ಬಾಡಿಗೆ ಕಾರಿನಲ್ಲಿ ಹೋಗುವವರು ಒಪ್ಪಂದವನ್ನು ಓದಲೇಬೇಕು. ಎಷ್ಟೋ ಬಾಡಿಗೆ ಒಪ್ಪಂದಗಳಲ್ಲಿ ಡಾಂಬರಿಲ್ಲದ ರಸ್ತೆಗೆ ವಿಮೆ ಅನ್ವಯಿಸುವುದಿಲ್ಲ.

[ದೃಶ್ಯ: ಮೇನ್ ಕ್ಯಾಂಪ್. ಮರಗಳ ನಡುವೆ ಡೇರೆಗಳು, ಮರದ ಮೇಜು, ನೀರಿನ ಕ್ಯಾನುಗಳು.]

ಡೇರೆ ಹಾಕಲು ಎರಡು ಜಾಗಗಳಿವೆ, ಎರಡಕ್ಕೂ ಮೊದಲೇ ಕಾದಿರಿಸಬೇಕು. ಸಂದರ್ಶಕರ ಕೇಂದ್ರಕ್ಕೆ ಹತ್ತಿರವಿರುವುದು ಮೇನ್ ಕ್ಯಾಂಪ್. ಮೊದಲ ಸಲ ಹೋಗುವವರಿಗೆ, ಮಕ್ಕಳಿರುವವರಿಗೆ ಅದೇ ಸರಿ. ಎರಡನೆಯದು ಬೆಲಾ ಕ್ಯಾಂಪ್, ಅದು ದಿಬ್ಬದ ಆಚೆ, ಉದ್ಯಾನದ ಸುತ್ತುದಾರಿಯ ದೂರದ ಬದಿಯಲ್ಲಿದೆ. ಅಲ್ಲಿ ಜಾಗ ಕಡಿಮೆ, ಜನ ಇನ್ನೂ ಕಡಿಮೆ. ನನ್ನ ಆಯ್ಕೆ ಬೆಲಾ, ಆದರೆ ಅದನ್ನು ಎರಡನೆಯ ಭೇಟಿಗೆ ಇಟ್ಟುಕೊಳ್ಳಿ.

ಎರಡೂ ಕಡೆ ಕುಡಿಯುವ ನೀರಿಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ, ಏಕೆಂದರೆ ‘ಎಲ್ಲಾದರೂ ಒಂದು ನಲ್ಲಿ ಇದ್ದೇ ಇರುತ್ತದೆ’ ಎಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ. ಕುಡಿಯಲು, ಅಡುಗೆಗೆ, ತೊಳೆಯಲು ಸೇರಿಸಿ ತಲೆಗೆ ದಿನಕ್ಕೆ ಎಂಟು ಹತ್ತು ಲೀಟರ್ ಒಯ್ಯಿರಿ. ದಾರಿ ಮುಚ್ಚಿ ಅಲ್ಲೇ ಉಳಿಯಬೇಕಾದರೆ ಎಂದು ಎರಡು ದಿನದ ನೀರು, ಊಟ ಹೆಚ್ಚಿಗೆ ಇರಲಿ. ಪಾತ್ರೆ ತಿಕ್ಕಲು ಬಿಂದಿಗೆಗಟ್ಟಲೆ ನೀರು ಬೇಡುವ ಅಡುಗೆ ಬೇಡ. ಅವಲಕ್ಕಿ, ಚಪಾತಿ, ಚಟ್ನಿಪುಡಿ, ಮೊಸರನ್ನದಲ್ಲಿ ದಿನ ಕಳೆಯುತ್ತದೆ. ಮುದ್ದೆ ತಿರುವುವ ಹುಮ್ಮಸ್ಸು ಮನೆಗೇ ಇರಲಿ. ಉದ್ಯಾನದೊಳಗೆ ಪೆಟ್ರೋಲ್ ಸಿಗುವುದಿಲ್ಲ. ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಎಂದು ಹಿಂದಿರುಗುತ್ತೀರಿ ಎಂಬುದನ್ನು ಊರಿನಲ್ಲಿ ಒಬ್ಬರಿಗೆ ಹೇಳಿ ಹೊರಡಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಬಾಡಿಗೆಗೆ ಸಿಕ್ಕರೆ ಇನ್ನೂ ಒಳ್ಳೆಯದು.

ಕಾಲ ಯಾವುದು? ಏಪ್ರಿಲ್‌ನಿಂದ ಸೆಪ್ಟೆಂಬರ್. ಡಿಸೆಂಬರ್, ಜನವರಿಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಜೊತೆಗೆ ಕಣ್ಣು ಮೂಗು ಬಿಡದ ನೊಣಗಳು. ಜೂನ್, ಜುಲೈನ ಹಗಲು ಹಿತ, ಆದರೆ ರಾತ್ರಿ ಸೊನ್ನೆಯ ಕೆಳಗೂ ಇಳಿಯಬಹುದು. ಬೆಂಗಳೂರಿನ ಚಳಿಯನ್ನು ನೆಚ್ಚಿಕೊಂಡು ತೆಳು ಹೊದಿಕೆ ತೆಗೆದುಕೊಂಡು ಹೋದರೆ ನಿದ್ದೆ ಬರುವುದಿಲ್ಲ.

ಬೆಂಕಿಯ ಬಗ್ಗೆ ಎರಡು ಮಾತು. ಕಾಡಿನ ಕಟ್ಟಿಗೆ ಆರಿಸುವಂತಿಲ್ಲ. ಇಲ್ಲಿ ಬಿದ್ದ ಒಣಗೊಂಬೆಯೇ ಹಲ್ಲಿಗಳ, ಹುಳುಗಳ ಮನೆ. ಬೆಂಕಿಗೆ ಅನುಮತಿ ಇದ್ದಾಗ, ಅದಕ್ಕೆಂದೇ ಕಟ್ಟಿದ ಒಲೆಯಲ್ಲಿ ಮಾತ್ರ, ನೀವು ತಂದ ಸೌದೆ ಉರಿಸಬೇಕು. ಸಂಪೂರ್ಣ ಬೆಂಕಿ ನಿಷೇಧದ ದಿನಗಳಲ್ಲಿ ಅದೂ ಇಲ್ಲ.

ಅಂದಹಾಗೆ, ಮಂಗೊದ ಹಳೆಯ ಒಲೆಗಳಿಗೆ ವಿಜ್ಞಾನದಲ್ಲಿ ಒಂದು ವಿಚಿತ್ರ ಸ್ಥಾನವಿದೆ. ಜೇಡಿಮಣ್ಣು ಚೆನ್ನಾಗಿ ಕಾದು ತಣ್ಣಗಾಗುವಾಗ ಅದರೊಳಗಿನ ಕಬ್ಬಿಣದ ಖನಿಜಗಳು ಆ ಹೊತ್ತಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಸುಮಾರು 30,000 ವರ್ಷಗಳ ಹಿಂದೆ ಇಲ್ಲಿನ ಜನ ಅಡುಗೆ ಮಾಡಿದ್ದ ಒಲೆಗಳ ಸುಟ್ಟ ಜೇಡಿಯನ್ನು ಬಾರ್ಬೆಟ್ಟಿ ಮತ್ತು ಮೆಕ್‌ಎಲ್ಹಿನಿ ಎಂಬ ವಿಜ್ಞಾನಿಗಳು ಅಳೆದಾಗ, ಅದು ಇಂದಿನ ಉತ್ತರಕ್ಕಿಂತ ಬಹಳ ಬೇರೆ ದಿಕ್ಕನ್ನು ತೋರಿಸಿತು. 1972ರಲ್ಲಿ ಪ್ರಕಟವಾದ ಈ ಕೆಲಸಕ್ಕೆ ‘ಮಂಗೊ ಸರೋವರದ ವಿಚಲನೆ’ ಎಂಬ ಹೆಸರೇ ಬಂದಿತು. ಭೂಕಾಂತವೇ ಹೊರಳಿತ್ತೋ, ಸಿಡಿಲು ಬಡಿದು ಮಣ್ಣಿನ ಗುರುತು ಕೆಟ್ಟಿತ್ತೋ ಎಂಬ ವಾದ ಆಮೇಲೆ ಎದ್ದಿತು. ಅದೇನೇ ಇರಲಿ, ಮೀನು ಸುಟ್ಟು ತಿಂದು ಎದ್ದುಹೋದ ಒಲೆಯೊಂದು ಭೂಮಿಯ ಒಡಲಿನ ಬಗ್ಗೆ ಜಗಳ ಹಚ್ಚಿತಲ್ಲ!

[ದೃಶ್ಯ: ಮರದ ಹಲಗೆಯ ಕಾಲುದಾರಿ, ಅದರ ತುದಿಯಲ್ಲಿ ನಿಂತ ಜನ.]

ಎರಡನೆಯ ದಿನಕ್ಕೆ 70 ಕಿಲೋಮೀಟರ್‌ನ ಸುತ್ತುದಾರಿ ಇಟ್ಟುಕೊಳ್ಳಿ. ಸರೋವರದ ತಳ ದಾಟಿ, ದಿಬ್ಬವನ್ನು ಬಳಸಿ, ಒಂದೇ ಬುಡದಿಂದ ಹಲವು ಕಾಂಡ ಒಡೆಯುವ ಮ್ಯಾಲಿ ನೀಲಗಿರಿಗಳ ಕಾಡಿನ ಮೂಲಕ ಅದು ಹಿಂದಿರುಗುತ್ತದೆ. ಕೆಂಪು ಕಾಂಗರೂ, ಎಮು ಸಿಗುತ್ತವೆ. ಗುಲಾಬಿ ಕಾಕಟೂ ಸಿಕ್ಕರೆ ನಿಮ್ಮ ಪುಣ್ಯ. ಮುಸ್ಸಂಜೆಯಿಂದ ಮುಂಜಾನೆಯವರೆಗೆ ವಾಹನ ಓಡಿಸಬೇಡಿ, ಕಾಂಗರೂಗಳು ರಸ್ತೆಗೆ ಜಿಗಿಯುವ ಹೊತ್ತು ಅದು.

ವಾಲ್ಸ್ ಆಫ್ ಚೈನಾದಲ್ಲಿ ಹಲಗೆಯ ದಾರಿ ಮುಗಿದ ಕಡೆಗೆ ನಿಮ್ಮ ಸ್ವಂತ ನಡಿಗೆಯೂ ಮುಗಿಯುತ್ತದೆ. ಮುಂದಕ್ಕೆ ಮಾರ್ಗದರ್ಶಕರ ಜೊತೆಗೆ ಮಾತ್ರ. ಹಲವರು ಇದಕ್ಕೆ ಗೊಣಗುತ್ತಾರೆ, ಆದರೆ ಅದಕ್ಕೆ ಕಾರಣವಿದೆ. 19ನೆಯ ಶತಮಾನದಲ್ಲಿ ಇಲ್ಲಿಗೆ ಕುರಿ ಸಾಕಣೆ ಬಂದಿತು. ಕುರಿಗಳು, ಹಿಂದೆಯೇ ಬಂದ ಮೊಲಗಳು ಹಸಿರನ್ನು ಬೋಳಿಸಿದ ಮೇಲೆ ದಿಬ್ಬದ ಸವೆತ ಜೋರಾಯಿತು. ಮೂಳೆಗಳು, ಕಪ್ಪೆಚಿಪ್ಪಿನ ರಾಶಿಗಳು, ಕಲ್ಲಿನ ಉಪಕರಣಗಳು ಹೊರಬಿದ್ದದ್ದು ಆ ಸವೆತದಿಂದಲೇ. ಹೊರಬಿದ್ದದ್ದನ್ನು ಅಳಿಸಿ ಹಾಕುತ್ತಿರುವುದೂ ಅದೇ ಸವೆತ. ಜೇಡಿಯ ಮೇಲಿನ ತೆಳುವಾದ ಗಟ್ಟಿ ಪೊರೆ ನಿಮ್ಮ ಬೂಟಿಗೆ ಒಡೆದರೆ ಮುಂದಿನ ಗಾಳಿ, ಮಳೆ ಅಲ್ಲಿಂದ ಕೊರೆಯಲು ಶುರುಮಾಡುತ್ತವೆ. ಕಾಲ ಕೆಳಗೆ ಏನಿದೆ ಎಂದು ಗೊತ್ತಿಲ್ಲದವರು ನಡೆಯುವ ಜಾಗವಲ್ಲ ಇದು. ಡ್ರೋನ್ ಕೂಡ ಅನುಮತಿಯಿಲ್ಲದೆ ಹಾರಿಸುವಂತಿಲ್ಲ, ಬ್ಯಾಗಿನಲ್ಲೇ ಇರಲಿ.

ಮಾರ್ಗದರ್ಶಕರ ಜೊತೆ ಹೋಗಲು ಇನ್ನೂ ದೊಡ್ಡ ಕಾರಣವಿದೆ. ಇದು ಬಾರ್ಕಿಂಜಿ, ಮುತ್ತಿ ಮುತ್ತಿ ಮತ್ತು ಙಿಯಾಂಪಾ ಜನರ ನೆಲ. 1979ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1981ರಲ್ಲಿ ಸುತ್ತಲಿನ ವಿಲ್ಯಾಂಡ್ರ ಸರೋವರ ಪ್ರದೇಶ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೆ ಆ ಮೂಳೆಗಳನ್ನು ಮೊದಲು ಕ್ಯಾನ್‌ಬೆರಾಕ್ಕೆ ಒಯ್ದವರು ಈ ಜನರ ಒಪ್ಪಿಗೆ ಕೇಳಿರಲಿಲ್ಲ. ಮಹಿಳೆಯ ಅವಶೇಷ ಹಿಂದಿರುಗಿದ್ದು 1992ರಲ್ಲಿ, ಗಂಡಸಿನದು 2017ರಲ್ಲಿ, ಹಳೆಯ ಶವವಾಹನವೊಂದರಲ್ಲಿ ಮೆರವಣಿಗೆಯಾಗಿ. 2022ರಲ್ಲಿ ಇಬ್ಬರನ್ನೂ ಹೊರಗೆ ತಿಳಿಸದ ಜಾಗದಲ್ಲಿ ಮತ್ತೆ ಮಣ್ಣು ಮಾಡಲಾಯಿತು. ಅದರ ಬಗ್ಗೆ ಮೂಲನಿವಾಸಿಗಳಲ್ಲೇ ಭಿನ್ನಾಭಿಪ್ರಾಯವಿತ್ತು. ಆ ಜಾಗ ಯಾವುದೆಂದು ಮಾರ್ಗದರ್ಶಕರನ್ನು ಪೀಡಿಸಬೇಡಿ. ಉಳಿದುದನ್ನೆಲ್ಲ ಕೇಳಿ. ಮೂಲನಿವಾಸಿ ಮಾರ್ಗದರ್ಶಕರು ನೆಲದತ್ತ ಬೆರಳು ತೋರಿಸಿ ಇದು ಒಲೆ, ಇದು ಮೀನಿನ ಕಿವಿಯ ಮೂಳೆ ಎನ್ನುವವರೆಗೆ ನಮ್ಮ ಕಣ್ಣಿಗೆ ಅವೆಲ್ಲ ಬರೀ ಕಸ.

ಡೇರೆಯ ಸಹವಾಸ ಬೇಡ ಎನ್ನುವವರು ಉಣ್ಣೆ ಕತ್ತರಿಸುವ ಕೆಲಸಗಾರರಿಗೆಂದು ಕಟ್ಟಿದ್ದ ಹಳೆಯ ಕೊಠಡಿಗಳಲ್ಲಿ ತಂಗಬಹುದು. ಅಲ್ಲೇ ಹತ್ತಿರದಲ್ಲಿ 1869ರ ಉಣ್ಣೆ ಕೊಟ್ಟಿಗೆ ಇದೆ. ಸುತ್ತಲಿನ ಸೈಪ್ರೆಸ್ ಪೈನ್ ಮರದ ದಿಮ್ಮಿಗಳನ್ನು ಜೋಡಿಸಿ ಕಟ್ಟಿದ್ದು, ಒಳಗೆ ಹೋಗಿ ನೋಡಬಹುದು. ಉದ್ಯಾನದ ಹೊರಗಡೆ ಒಂದು ಖಾಸಗಿ ವಸತಿಗೃಹವೂ ಇದೆ. ವಯಸ್ಸಾದ ಅಪ್ಪ ಅಮ್ಮ ಊರಿನಿಂದ ಬಂದಿದ್ದರೆ ಮಿಲ್ಡೂರಾದಲ್ಲೇ ಉಳಿದು, ಅಲ್ಲಿಂದ ಹೊರಡುವ ಒಂದು ದಿನದ ಪ್ರವಾಸ ಹಿಡಿಯಿರಿ. ಓಡಿಸುವ ಚಿಂತೆ ಬೇರೆಯವರದು, ಮತ್ತು ಸಂಜೆಯ ಕಾಫಿಯ ಹೊತ್ತು ತಪ್ಪಿತೆಂದು ಅಪ್ಪ ಮುಖ ಗಂಟಿಕ್ಕುವ ಪ್ರಸಂಗವೂ ಬರುವುದಿಲ್ಲ.